ಒಂದೇ ಹಾಡು, ಮೂರು ತಕ್ಕಡಿ

(ಕಳೆದ ತಿಂಗಳು ನಮ್ಮ ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ಆಡಿದ ಮಾತು ಇದು. ಫೋನಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು ಬರೆದಿದ್ದೇನೆ. ಮಧ್ಯೆ ಕಾಫಿ ಬಂದಿದ್ದು, ಮೈಕು ಎರಡು ಸಲ ಕೈಕೊಟ್ಟಿದ್ದು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದೆ ಖಾಲಿ ಕುರ್ಚಿ ಇವೆ, ಬನ್ನಿ, ಯಾರೂ ಪ್ರಶ್ನೆ ಕೇಳಲ್ಲ.

ಇವತ್ತು ಒಂದೇ ಒಂದು ಹಾಡಿನ ಬಗ್ಗೆ ಮಾತಾಡುತ್ತೇನೆ. ಸಂಗೀತ ಕಮ್ಮಿ, ಲೆಕ್ಕ ಜಾಸ್ತಿ. ಹಾಡು ಬ್ರಿಟನ್ನಿನ ಕ್ವೀನ್ ಬ್ಯಾಂಡಿನ ‘ಬೊಹೀಮಿಯನ್ ರಾಪ್ಸಡಿ’. ಕೇಳಿಲ್ಲದವರು ಇಲ್ಲಿ ಇಬ್ಬರೋ ಮೂವರೋ ಇರಬಹುದು, ಪರವಾಗಿಲ್ಲ, ಕೊನೆಗೆ ಹಾಕೋಣ.

ಮೊದಲು ಇದನ್ನು ನೋಡಿ. ಏಳು ಇಂಚಿನ ಗ್ರಾಮಫೋನ್ ಪ್ಲೇಟು. ನಿಮಿಷಕ್ಕೆ 45 ಸುತ್ತು. ನಮ್ಮಲ್ಲಿ ಹಿಂದೆ ಇದೇ ಅಳತೆಯ ಪ್ಲೇಟಿನಲ್ಲಿ ಸಿನಿಮಾದ ನಾಲ್ಕು ಹಾಡು ತುಂಬಿಸುತ್ತಿದ್ದರು, ಮನೆಯಲ್ಲಿ ಹಿರಿಯರಿದ್ದರೆ ಕೇಳಿ, ಅಟ್ಟದ ಮೇಲೆ ಒಂದೆರಡು ಸಿಗಬಹುದು. ಬ್ರಿಟನ್ನಿನಲ್ಲಿ ಇದನ್ನೇ ಸಿಂಗಲ್ ಅನ್ನುತ್ತಿದ್ದರು. ಈ ಕಡೆ ಒಂದು ಹಾಡು, ಆ ಕಡೆ ಒಂದು ಹಾಡು. ಈ ಕಡೆಯದು ಓಡಬೇಕಾದ ಕುದುರೆ. ಆ ಕಡೆಯದು ಸುಮ್ನೆ ಜೊತೆಗೆ ಬರುವ ನೆಂಟ. ಈ ನೆಂಟನ ಕಥೆ ಆಮೇಲೆ ಹೇಳುತ್ತೇನೆ, ಮಜಾ ಇದೆ.

ಒಂದು ಬದಿಗೆ ಮೂರು ನಿಮಿಷ ಅನ್ನುವುದು ಆಗಿನ ರೂಢಿ. ಹಾಡು ಉದ್ದವಾದಷ್ಟೂ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಹಾಗೆ ಕೊರೆದರೆ ಸದ್ದು ಸಣ್ಣದಾಗುತ್ತದೆ. ರೇಡಿಯೋದವರಿಗೂ ಉದ್ದದ ಹಾಡು ಬೇಡ. ಒಂದು ಗಂಟೆಯಲ್ಲಿ ಎಷ್ಟು ಹಾಡು, ಎಷ್ಟು ಜಾಹೀರಾತು ಅನ್ನುವುದೇ ಅವರ ಬದುಕು. ಅಂಥ ಕಾಲದಲ್ಲಿ ಈ ನಾಲ್ಕು ಜನ 5 ನಿಮಿಷ 55 ಸೆಕೆಂಡಿನ ಹಾಡು ತಗೊಂಡು ಬಂದು ಇದೇ ನಮ್ಮ ಸಿಂಗಲ್ ಅಂದರು. ಅದರಲ್ಲಿ ಪಲ್ಲವಿ ಇಲ್ಲ. ಮೊದಲು ಬರೀ ಗಂಟಲು, ಆಮೇಲೆ ಪಿಯಾನೋ ಜೊತೆ ನಿಧಾನದ ಹಾಡು, ಒಂದು ಗಿಟಾರ್ ತುಣುಕು, ಇದ್ದಕ್ಕಿದ್ದಂತೆ ಆಪೆರಾ ಅಂದರೆ ಪಾಶ್ಚಾತ್ಯ ಸಂಗೀತ ನಾಟಕದ ಧಾಟಿ, ಅದು ಮುಗಿಯುವಷ್ಟರಲ್ಲಿ ಗಟ್ಟಿ ರಾಕ್, ಕೊನೆಗೆ ಮತ್ತೆ ಮೆಲ್ಲಗೆ. ಕಂಪನಿಯವರು ಕತ್ತರಿಸೋಣ ಅಂದರು. ಬ್ಯಾಂಡಿನವರು ಆಗಲ್ಲ ಅಂದರು.

ಅವರು ಆಗಲ್ಲ ಅಂದಿದ್ದು ಯಾಕೆ ಅಂತ ತಿಳಿಯಬೇಕಾದರೆ ಟೇಪಿನ ಕಥೆ ಕೇಳಬೇಕು. 1975ರ ಆಗಸ್ಟ್. ವೇಲ್ಸ್‌ನ ಮನ್ಮತ್ ಊರಿನ ಹತ್ತಿರ ರಾಕ್‌ಫೀಲ್ಡ್ ಅಂತ ಒಂದು ಹೈನುಗಾರಿಕೆಯ ತೋಟವನ್ನು ಸ್ಟುಡಿಯೋ ಮಾಡಿದ್ದರು, ಅಲ್ಲಿ ಶುರುವಾಯಿತು. ಆಪೆರಾ ಭಾಗದಲ್ಲಿ ದೊಡ್ಡ ಗಾಯಕರ ತಂಡವೇ ನಿಂತು ಹಾಡಿದಂತೆ ಕೇಳುತ್ತದಲ್ಲ, ಅಲ್ಲಿರುವುದು ಮೂರೇ ಗಂಟಲು. ಫ್ರೆಡ್ಡಿ ಮರ್ಕ್ಯುರಿ, ಬ್ರಯಾನ್ ಮೇ, ರೋಜರ್ ಟೇಲರ್. ಆ ಕೀಚಲು ದನಿ ಇದೆಯಲ್ಲ, ಎತ್ತರಕ್ಕೆ ಹೋಗುವುದು, ಅದು ಡ್ರಮ್ ಬಾರಿಸುವ ಟೇಲರ್‌ದು. ಬೇಸ್ ಬಾರಿಸುವ ಜಾನ್ ಡೀಕನ್ ಹಾಡಲಿಲ್ಲ. ಮೂರು ಜನ ಒಂದು ಸಾಲು ಹಾಡುವುದು, ಅದರ ಮೇಲೆ ಮತ್ತೆ ಅದೇ ಮೂರು ಜನ ಇನ್ನೊಂದು ಸುರ ಸೇರಿಸುವುದು, ಮತ್ತೆ ಮೇಲೊಂದು.

ಟೇಪಿನಲ್ಲಿ ಇದ್ದಿದ್ದು 24 ಟ್ರ್ಯಾಕ್, ಅಂದರೆ ಬೇರೆ ಬೇರೆಯಾಗಿ ದನಿ ತುಂಬಿಸುವ 24 ಸಾಲು. ಅದು ತುಂಬಿದರೆ ಎಲ್ಲವನ್ನೂ ಒಟ್ಟು ಮಾಡಿ ಎರಡಕ್ಕೋ ನಾಲ್ಕಕ್ಕೋ ಇಳಿಸಬೇಕು. ಖಾಲಿಯಾದ ಜಾಗದಲ್ಲಿ ಮತ್ತೆ ಹಾಡಬೇಕು. ಹೀಗೆ ಒಟ್ಟು 180 ಪದರ ಅನ್ನುತ್ತಾರೆ. ಆಪೆರಾ ಭಾಗ ಒಂದಕ್ಕೇ ಮೂರು ವಾರ, ದಿನಕ್ಕೆ ಹತ್ತು ಹನ್ನೆರಡು ಗಂಟೆ. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಫ್ರೆಡ್ಡಿ ಬಂದು ಇನ್ನೊಂದೆರಡು ‘ಗೆಲಿಲಿಯೋ’ ಸೇರಿಸೋಣ ಅನ್ನುತ್ತಿದ್ದನಂತೆ, ನಿರ್ಮಾಪಕ ರಾಯ್ ಥಾಮಸ್ ಬೇಕರ್ ಆಮೇಲೆ ನಗುತ್ತಾ ಹೇಳಿಕೊಂಡಿದ್ದು. ಟೇಪು ಯಂತ್ರದಲ್ಲಿ ಅಷ್ಟು ಸಲ ಉಜ್ಜಿ ಉಜ್ಜಿ ಮೇಲಿನ ಕಂದು ಲೇಪ ಉದುರಿಹೋಗಿತ್ತು. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತಿತ್ತು. ಕ್ಯಾಸೆಟ್ ಕಾಲದವರು ಯೋಚಿಸಿ, ಟೇಪಿನ ಆಚೆ ಬದಿ ಕಾಣಬೇಕಾದರೆ ಎಷ್ಟು ಸಲ ಓಡಿರಬೇಕು! ಅಷ್ಟು ಮಾಡಿದವರ ಹತ್ತಿರ ಹೋಗಿ ಎರಡು ನಿಮಿಷ ಕತ್ತರಿಸಿ ಅಂದರೆ ಏನನ್ನುತ್ತಾರೆ?

ಇಲ್ಲಿ ಫ್ರೆಡ್ಡಿ ಬಗ್ಗೆ ಒಂದು ಮಾತು. ಹುಟ್ಟಿದ್ದು 1946ರಲ್ಲಿ, ಜಾಂಜಿಬಾರ್‌ನಲ್ಲಿ. ಮನೆಯವರು ಇಟ್ಟ ಹೆಸರು ಫರ್ರೋಖ್ ಬುಲ್ಸಾರಾ. ಪಾರ್ಸಿ ಮನೆತನ, ಗುಜರಾತಿನ ಬುಲ್ಸಾರ್ ಅಂದರೆ ಈಗಿನ ವಲ್ಸಾಡ್ ಮೂಲ. ಓದಿದ್ದು ಪಂಚಗನಿಯ ಹಾಸ್ಟೆಲ್ ಶಾಲೆಯಲ್ಲಿ. ಬೆಳಗಾವಿಯಿಂದ ಪುಣೆ ಹೆದ್ದಾರಿ ಹಿಡಿದು ಸಾತಾರಾ ದಾಟಿ, ವಾಯಿ ಕಡೆ ತಿರುಗಿ ಘಾಟ್ ಹತ್ತಿದರೆ ಸಿಗುವ ಅದೇ ಪಂಚಗನಿ, ಸ್ಟ್ರಾಬೆರಿ ತಿನ್ನೋಕೆ ಹೋಗುತ್ತೀರಲ್ಲ. ಅಲ್ಲೇ ಹುಡುಗರ ಜೊತೆ ‘ಹೆಕ್ಟಿಕ್ಸ್’ ಅಂತ ಬ್ಯಾಂಡ್ ಕಟ್ಟಿ ಪಿಯಾನೋ ನುಡಿಸುತ್ತಿದ್ದ. ಅದಕ್ಕೇ ನಮ್ಮವನು ಅಂತ ಹೆಮ್ಮೆಪಡುವವರು ಇದ್ದಾರೆ. ಅವನು ಬದುಕಿದ್ದಾಗ ಇದನ್ನೆಲ್ಲ ಅಷ್ಟಾಗಿ ಹೇಳಿಕೊಂಡವನಲ್ಲ, ನಾವೂ ಜಾಸ್ತಿ ಎಳೆಯುವುದು ಬೇಡ.

ಸರಿ, ಪ್ಲೇಟು ಬಂತು. 1975ರ ಅಕ್ಟೋಬರ್ 31.

ಆದರೆ ಅದಕ್ಕೂ ಮೊದಲೇ ಅದು ಊರಿಗೆಲ್ಲ ಗೊತ್ತಾಗಿತ್ತು. ಲಂಡನ್ನಿನ ಕ್ಯಾಪಿಟಲ್ ರೇಡಿಯೋದಲ್ಲಿ ಕೆನ್ನಿ ಎವೆರೆಟ್ ಅಂತ ಒಬ್ಬ ತರಲೆ ಆಸಾಮಿ ಇದ್ದ. ಅವನಿಗೆ ಒಂದು ಪ್ರತಿ ಕೊಟ್ಟು, ಪ್ರಸಾರ ಮಾಡಬೇಡ ಅಂದರು. ಹಾಗೆ ಹೇಳಿದರೆ ಮಾಡೇ ಮಾಡುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು ಬಿಡಿ. ಶನಿವಾರ ಭಾನುವಾರ ಸೇರಿ 14 ಸಲ ಹಾಕಿದ. ಅಯ್ಯೋ ಬೆರಳು ಜಾರಿತು ಅಂತ ಒಂದೊಂದು ಸಲ ಒಂದೊಂದು ತುಣುಕು. ಸೋಮವಾರ ಜನ ಅಂಗಡಿಗೆ ಹೋದರೆ ಪ್ಲೇಟೇ ಇಲ್ಲ, ಇನ್ನೂ ಬಂದೇ ಇರಲಿಲ್ಲ!

ಈಗ ತಕ್ಕಡಿಗೆ ಬರೋಣ.

ಇಂತಿಂಥ ಹಾಡು ಈ ವಾರ ನಂಬರ್ ಒನ್ ಅಂತ ಹೇಳುವವರು ಯಾರು, ಎಣಿಸುವವರು ಯಾರು? ಬ್ರಿಟನ್ನಿನಲ್ಲಿ 1952ರಲ್ಲಿ ಒಂದು ಪತ್ರಿಕೆಯವರು ಇಪ್ಪತ್ತರಷ್ಟು ಅಂಗಡಿಗೆ ಫೋನ್ ಹಚ್ಚಿ, ಯಾವುದು ಚೆನ್ನಾಗಿ ಹೋಗ್ತಿದೆ ಅಂತ ಕೇಳಿ ಮೊದಲ ಪಟ್ಟಿ ಮಾಡಿದರು. ಅದೇ 1952ರಲ್ಲೇ ರೇಡಿಯೋ ಸಿಲೋನ್‌ನಿಂದ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಶುರುವಾಗಿದ್ದು. ಇಲ್ಲಿ ಕೆಲವರ ಮುಖದಲ್ಲಿ ನಗು ಬಂತು ನೋಡಿ, ಬುಧವಾರ ರಾತ್ರಿ ಎಂಟು ಗಂಟೆ ನೆನಪಾಯಿತು ಅಲ್ವಾ.

1975ರ ಹೊತ್ತಿಗೆ ಬ್ರಿಟನ್ನಿನಲ್ಲಿ ಫೋನ್ ಹೋಗಿ ಲೆಕ್ಕದ ಪುಸ್ತಕ ಬಂದಿತ್ತು. ದೇಶದ ಸಾವಿರಾರು ಅಂಗಡಿಗಳಲ್ಲಿ ಮುನ್ನೂರರ ಆಸುಪಾಸು ಅಂಗಡಿಗಳನ್ನು ಆರಿಸಿಕೊಂಡಿದ್ದರು. ಗಲ್ಲಾದ ಪಕ್ಕದಲ್ಲಿ ಒಂದು ಪುಸ್ತಕ. ಪ್ಲೇಟು ಮಾರಿದ ಕೂಡಲೇ ಅದರ ನಂಬರ್ ಬರೆಯಬೇಕು. ವಾರ ಮುಗಿದ ಮೇಲೆ ಪುಸ್ತಕ ಅಂಚೆಗೆ. ಮಂಗಳವಾರ ಪಟ್ಟಿ. ಈಗ ನೀವೇ ಕಣ್ಣ ಮುಂದೆ ತಂದುಕೊಳ್ಳಿ, ಶನಿವಾರ ಮಧ್ಯಾಹ್ನ, ಕ್ರಿಸ್‌ಮಸ್ ಹತ್ತಿರ, ಅಂಗಡಿ ತುಂಬಾ ಜನ, ಕೌಂಟರಿನಲ್ಲಿ ಹದಿನೆಂಟರ ಒಂದು ಹುಡುಗಿ, ಒಂದು ಕೈಯಲ್ಲಿ ಚಿಲ್ಲರೆ, ಒಂದು ಕೈಯಲ್ಲಿ ಚೀಲ. ಅವಳು ಪ್ರತಿ ಸಲ ಪೆನ್ನು ಎತ್ತಿಕೊಂಡು ಬರೆಯುತ್ತಾಳಾ? ಸಂಜೆ ಕೂತು ನೆನಪಿನಿಂದ ಬರೆದರೂ ಬರೆದಳೇ. ಯಾವ ಅಂಗಡಿಯಲ್ಲಿ ಪುಸ್ತಕ ಇದೆ ಅನ್ನುವುದು ಕಂಪನಿಗಳಿಗೆ ಗೊತ್ತಾಗುತ್ತಿತ್ತು, ತಮ್ಮದೇ ಜನರನ್ನು ಕಳಿಸಿ ಅಲ್ಲೇ ಹತ್ತಿಪ್ಪತ್ತು ಪ್ಲೇಟು ಕೊಳ್ಳಿಸುವ ಆಟವೂ ನಡೆಯುತ್ತಿತ್ತು. ನಮ್ಮ ಸಂತೆಯ ತಕ್ಕಡಿ ಕೆಳಗೆ ಹುಣಸೆಹಣ್ಣು ಅಂಟಿಸಿದ ಹಾಗೆ. ಆ ಕಾಲದಲ್ಲಿ ಅದು ಗುಟ್ಟೇನಲ್ಲ.

ಆದರೂ ಅಂದಾಜಿಗೆ ಒಳ್ಳೆಯ ತಕ್ಕಡಿಯೇ. ಅದರಲ್ಲಿ ಕ್ವೀನ್ ಹಾಡು ಮೊದಲ ವಾರ 47ನೇ ಜಾಗ. ಆಮೇಲೆ 17. ಆಮೇಲೆ 9. ನವೆಂಬರ್ 29ರ ಪಟ್ಟಿಯಲ್ಲಿ ಒಂದು. ಅಲ್ಲಿಂದ ಒಂಬತ್ತು ವಾರ ಅಲ್ಲಾಡಲಿಲ್ಲ, ಕ್ರಿಸ್‌ಮಸ್ ವಾರವೂ ಅದರದ್ದೇ. ಜನವರಿ ಮುಗಿಯುವಷ್ಟರಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಪ್ಲೇಟು ಹೋಗಿತ್ತು. ಕೆಳಗಿಳಿಸಿದ್ದು ಯಾವುದು ಗೊತ್ತಾ? ಸ್ವೀಡನ್ನಿನ ಆಬ್ಬಾ ತಂಡದ ‘ಮಮ್ಮಾ ಮೀಯಾ’. ಕ್ವೀನ್ ಹಾಡಿನ ಆಪೆರಾದಲ್ಲಿ ಅದೇ ಮಾತು ಬರುತ್ತದೆ. ಅವರೇ ಕೂಗಿ ಕರೆದ ಹಾಗೆ.

9ರಿಂದ 1ಕ್ಕೆ ಹಾರಿದ ಆ ವಾರ ಏನಾಯಿತು ಅನ್ನುವುದನ್ನು ಮಾತ್ರ ಹೇಳಲೇಬೇಕು. ಬಿಬಿಸಿಯಲ್ಲಿ ‘ಟಾಪ್ ಆಫ್ ದಿ ಪಾಪ್ಸ್’ ಅಂತ ಗುರುವಾರದ ಕಾರ್ಯಕ್ರಮ. ಪಟ್ಟಿಯಲ್ಲಿ ಇದ್ದವರು ಸ್ಟುಡಿಯೋಗೆ ಬಂದು ತುಟಿ ಆಡಿಸಬೇಕು. 180 ಪದರದ ಹಾಡಿಗೆ ನಾಲ್ಕು ಜನ ನಿಂತು ತುಟಿ ಆಡಿಸಿದರೆ ನಗೆಪಾಟಲು. ಸಾಲದ್ದಕ್ಕೆ ಅವರು ಊರೂರು ಸುತ್ತುವ ಕಾರ್ಯಕ್ರಮಕ್ಕೆ ಹೊರಟಿದ್ದರು. ಅದಕ್ಕೆ ನವೆಂಬರ್ 10ರಂದು ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಬ್ರೂಸ್ ಗವರ್ಸ್ ಅನ್ನುವವರನ್ನು ಹಿಡಿದು ನಾಲ್ಕು ಗಂಟೆಯಲ್ಲಿ ಒಂದು ವಿಡಿಯೋ ಮಾಡಿ ಎಸೆದರು. ಖರ್ಚು ಸುಮಾರು 4,500 ಪೌಂಡ್. ಒಂದು ಮುಖ ಹತ್ತಾರು ಮುಖವಾಗಿ ದೂರಕ್ಕೆ ಜಾರಿಹೋಗುತ್ತದಲ್ಲ, ಅದು ಕಂಪ್ಯೂಟರ್ ಅಲ್ಲ. ಕ್ಯಾಮೆರಾವನ್ನು ಅದರದ್ದೇ ಚಿತ್ರ ತೋರಿಸುವ ಟಿವಿ ಕಡೆಗೆ ತಿರುಗಿಸಿದ್ದು, ಅಷ್ಟೇ. ಸಲೂನಿನಲ್ಲಿ ಎದುರುಬದುರು ಕನ್ನಡಿ ಇಟ್ಟಿರುತ್ತಾರಲ್ಲ, ಹಾಗೆ. ನವೆಂಬರ್ 20ರ ಗುರುವಾರ ಅದು ಟಿವಿಯಲ್ಲಿ ಬಂತು. ಅದೇ ವಾರದ ಲೆಕ್ಕದ ಪುಸ್ತಕ ಹಾಡನ್ನು ಮೇಲಕ್ಕೆ ಹೊತ್ತೊಯ್ದಿತು.

ಈಗ ನೆಂಟನ ಕಥೆ. ಪ್ಲೇಟಿನ ಹಿಂದಿನ ಬದಿಗೆ ರೋಜರ್ ಟೇಲರ್ ತನ್ನ ಹಾಡು ಹಾಕಿಸಿಕೊಂಡಿದ್ದ, ಕಾರನ್ನು ಪ್ರೀತಿಸುವವನ ಬಗ್ಗೆ ಒಂದು ಹಾಡು. ಒಪ್ಪುವ ತನಕ ಬೀರುವಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ ಅಂತ ಒಂದು ಕಥೆ ಓಡಾಡುತ್ತದೆ. ಪ್ಲೇಟು ಮಾರಾಟವಾದರೆ ಬರೆದವನಿಗೆ ಬರುವ ಹಣ ಎರಡೂ ಬದಿಗೆ ಸಮ. ಜನ ಕೊಂಡಿದ್ದು ಫ್ರೆಡ್ಡಿ ಬರೆದ ಹಾಡಿಗೆ, ತಿರುಗಿಸಿ ಹಾಕಿದವರು ಎಷ್ಟು ಜನವೋ, ಟೇಲರ್‌ಗೆ ಮಾತ್ರ ಅಷ್ಟೇ ದುಡ್ಡು ಬಂತು. ಬ್ಯಾಂಡಿನೊಳಗೆ ಇದರ ಮುನಿಸು ಬಹಳ ವರ್ಷ ಇತ್ತು. ಕೊನೆಗೆ 1980ರ ದಶಕದ ಕೊನೆಯಲ್ಲಿ, ಯಾರೇ ಬರೆದರೂ ನಾಲ್ವರ ಹೆಸರೂ ಹಾಕೋಣ ಅಂತ ತೀರ್ಮಾನ ಮಾಡಿಕೊಂಡರು. ಅಣ್ಣತಮ್ಮಂದಿರು ಜಮೀನಿನ ಗೆರೆ ಅಳಿಸಿದ ಹಾಗೆ.

ಅಮೆರಿಕದಲ್ಲಿ ಏನಾಯಿತು? 1976ರ ಏಪ್ರಿಲ್‌ನಲ್ಲಿ ಅಲ್ಲಿನ ಬಿಲ್‌ಬೋರ್ಡ್ ಪತ್ರಿಕೆಯ ಹಾಟ್ 100 ಪಟ್ಟಿಯಲ್ಲಿ ಒಂಬತ್ತನೇ ಜಾಗ. ಒಂದು ದೇಶದಲ್ಲಿ ಒಂಬತ್ತು ವಾರ ಒಂದನೇ ಜಾಗ, ಇನ್ನೊಂದು ದೇಶದಲ್ಲಿ ಏರಿದ್ದೇ ಒಂಬತ್ತರ ತನಕ. ಅಲ್ಲಿಯವರ ರುಚಿ ಬೇರೆ ಅಂತ ಹೇಳಿ ಮುಗಿಸಬಹುದು. ಆದರೆ ಅಲ್ಲಿನ ತಕ್ಕಡಿಯೂ ಬೇರೆ. ಅಂಗಡಿ ಮಾರಾಟದ ಜೊತೆ ರೇಡಿಯೋದಲ್ಲಿ ಎಷ್ಟು ಬಂತು ಅನ್ನುವುದನ್ನೂ ಕೂಡಿಸುತ್ತಿದ್ದರು. ಅಂಗಡಿಯವರು ಎಷ್ಟು ಮಾರಿದೆ ಅಂತ ಸಂಖ್ಯೆ ಕೊಡುತ್ತಿರಲಿಲ್ಲ. ಇದು ಚೆನ್ನಾಗಿ ಹೋಗ್ತಿದೆ, ಅದು ಪರವಾಗಿಲ್ಲ, ಇಷ್ಟೇ. ನಮ್ಮ ಹೋಟೆಲ್ ಮಾಣಿಯನ್ನು ಏನಿದೆ ಚೆನ್ನಾಗಿ ಅಂತ ಕೇಳಿದ ಹಾಗೆ. ಬೆಳಗ್ಗೆ ಮಿಕ್ಕಿದ್ದನ್ನೇ ಮೊದಲು ಹೇಳುತ್ತಾನೆ.

ಎರಡನೇ ತಕ್ಕಡಿ ಬಂದಿದ್ದು 1991ರಲ್ಲಿ. ಗಲ್ಲಾದಲ್ಲಿ ಪ್ಲೇಟಿನ, ಕ್ಯಾಸೆಟ್ಟಿನ ಪಟ್ಟೆಗಳನ್ನು, ಬಾರ್‌ಕೋಡ್ ಅನ್ನುತ್ತೇವಲ್ಲ, ಅದನ್ನು ಯಂತ್ರ ಓದಿ ನೇರವಾಗಿ ಎಣಿಸುವ ಸೌಂಡ್‌ಸ್ಕ್ಯಾನ್. ನವೆಂಬರ್ ಕೊನೆಗೆ ಹಾಟ್ 100ಗೂ ಬಂತು. ಅದು ಬಂದ ಕೂಡಲೇ ಅಮೆರಿಕದ ಪಟ್ಟಿಗಳೇ ತಲೆಕೆಳಗಾದವು. ಕಂಟ್ರಿ, ರ‍್ಯಾಪ್, ಗಟ್ಟಿ ರಾಕ್ ಇವೆಲ್ಲ ಇದ್ದಕ್ಕಿದ್ದಂತೆ ಮೇಲೆ. ಜನರ ಕಿವಿ ಒಂದೇ ವಾರದಲ್ಲಿ ಬದಲಾಯಿತಾ? ಇಲ್ಲ. ಅವರು ಮುಂಚೆಯಿಂದಲೂ ಅದನ್ನೇ ಕೊಳ್ಳುತ್ತಿದ್ದರು, ಅಂಗಡಿಯವನ ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಜಾಗ ಇದೇ.

ಅದೇ ತಿಂಗಳು, ನವೆಂಬರ್ 24ಕ್ಕೆ ಫ್ರೆಡ್ಡಿ ತೀರಿಕೊಂಡ. ಏಡ್ಸ್ ಇದೆ ಅಂತ ಜನರಿಗೆ ಹೇಳಿದ್ದು ಅದರ ಹಿಂದಿನ ದಿನ. 45 ವಯಸ್ಸು. ಡಿಸೆಂಬರ್‌ನಲ್ಲಿ ಹಾಡನ್ನು ಬ್ರಿಟನ್ನಿನಲ್ಲಿ ಮತ್ತೆ ಬಿಟ್ಟರು, ಜೊತೆಗೆ ಅವನ ಕೊನೆಗಾಲದ ಒಂದು ಹಾಡು. ಬಂದ ಹಣ ಏಡ್ಸ್ ರೋಗಿಗಳಿಗೆ ದುಡಿಯುವ ಟೆರೆನ್ಸ್ ಹಿಗಿನ್ಸ್ ಟ್ರಸ್ಟ್‌ಗೆ. ಮತ್ತೆ ಐದು ವಾರ ನಂಬರ್ ಒನ್, ಮತ್ತೆ ಕ್ರಿಸ್‌ಮಸ್. ಒಂದೇ ಧ್ವನಿಮುದ್ರಣ ಎರಡು ಕ್ರಿಸ್‌ಮಸ್‌ಗೆ ಮೊದಲ ಜಾಗದಲ್ಲಿ ನಿಂತಿದ್ದು ಅದೇ ಮೊದಲು. 1975ರಲ್ಲಿ ಒಂಬತ್ತು, ಈಗ ಐದು, ಒಟ್ಟು 14 ವಾರ. ಕೆನ್ನಿ ಎವೆರೆಟ್ ಹಾಕಿದ್ದೂ 14 ಸಲ, ಸುಮ್ನೆ ಹೇಳಿದೆ.

ಮರು ವರ್ಷ ಅಮೆರಿಕದಲ್ಲಿ ‘ವೇನ್ಸ್ ವರ್ಲ್ಡ್’ ಅಂತ ಒಂದು ತಮಾಷೆ ಸಿನಿಮಾ. ಅದರಲ್ಲಿ ಒಂದು ಡಕೋಟ ಕಾರಿನಲ್ಲಿ ಐದು ಹುಡುಗರು ಈ ಹಾಡಿಗೆ ತಲೆ ಕುಣಿಸುತ್ತಾರೆ. ಅಷ್ಟೇ ದೃಶ್ಯ. 16 ವರ್ಷ ಹಳೆಯ ಹಾಡು 1992ರ ಮೇನಲ್ಲಿ ಎರಡನೇ ಜಾಗಕ್ಕೆ ಬಂತು. ಹೊಸದಾಗಿ ಬಂದಾಗ ಒಂಬತ್ತು, ಹಳೆಯದಾದ ಮೇಲೆ ಎರಡು! ಒಂದನೇ ಜಾಗದಲ್ಲಿ ಕ್ರಿಸ್ ಕ್ರಾಸ್ ಅಂತ ಇಬ್ಬರು ಎಳೆ ಹುಡುಗರ ರ‍್ಯಾಪ್ ಹಾಡು ಕೂತಿತ್ತು, ಏಳಲಿಲ್ಲ.

ನಾನು ಈ ಹಾಡು ಮೊದಲು ಕೇಳಿದ್ದೂ ಆ ಹೊತ್ತಿಗೇ. ಮೆಜೆಸ್ಟಿಕ್ ಹತ್ತಿರ ಒಂದು ಸಣ್ಣ ಅಂಗಡಿ, ಹಾಡುಗಳ ಹೆಸರು ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು. 60 ನಿಮಿಷದ ಕ್ಯಾಸೆಟ್ಟು. ಎ ಬದಿಯ ಕೊನೆಗೆ ಇದನ್ನು ಹಾಕಿದ್ದಾರೆ. ಆಪೆರಾ ಶುರುವಾಯಿತು, ‘ಬಿಸ್ಮಿಲ್ಲಾ’ ಅಂತ ಒಂದು ಕೂಗು ಬಂತು, ಇದೇನಪ್ಪ ಅಂತ ನಾನು ಕಿವಿ ನೆಟ್ಟಗೆ ಮಾಡಿಕೊಂಡೆ, ಟಕ್. ಟೇಪು ಮುಗಿಯಿತು. ವಾಪಸ್ ಹೋಗಿ ಕೇಳಿದರೆ, ಅದು ಅಷ್ಟೇ ಹಾಡು ಸಾರ್ ಅಂದರು. ಎರಡು ವರ್ಷ ನಾನು ಹಾಡು ಅಲ್ಲಿಗೇ ಮುಗಿಯುತ್ತದೆ, ಎಂಥ ಧೈರ್ಯದ ಮುಕ್ತಾಯ ಅಂದುಕೊಂಡಿದ್ದೆ, ಗೆಳೆಯರಿಗೆ ವಿವರಿಸಿಯೂ ಇದ್ದೆ. ಹಾಸ್ಯ ಬಿಡಿ. ನಾನು ಅದನ್ನು ಅಷ್ಟು ಸಲ ಕೇಳಿದ್ದು, ಕಾಸು ಕೊಟ್ಟಿದ್ದು, ಯಾವ ತಕ್ಕಡಿಗೂ ಬೀಳಲಿಲ್ಲ. ಬೆಂಗಳೂರು, ಮಂಗಳೂರು, ಧಾರವಾಡದ ಹಾಸ್ಟೆಲ್ಲುಗಳಲ್ಲಿ ಕೈಯಿಂದ ಕೈಗೆ ಹೋದ ಕ್ಯಾಸೆಟ್ಟುಗಳನ್ನು ಯಾರು ಎಣಿಸಿದರು?

ಮೂರನೇ ತಕ್ಕಡಿ ನಿಮ್ಮ ಜೇಬಿನಲ್ಲಿದೆ. 2014ರಲ್ಲಿ ಬ್ರಿಟನ್ನಿನ ಪಟ್ಟಿಗೆ ಸ್ಟ್ರೀಮಿಂಗ್ ಸೇರಿತು. ಶುರುವಿನಲ್ಲಿ ಲೆಕ್ಕ ಏನಿತ್ತು ಅಂದರೆ, 100 ಸಲ ಕೇಳಿದರೆ ಒಂದು ಪ್ಲೇಟು ಕೊಂಡ ಹಾಗೆ. ಇದು ಸಣ್ಣ ಬದಲಾವಣೆ ಅಲ್ಲ. 1975ರಲ್ಲಿ ಒಬ್ಬ ಪ್ಲೇಟು ಕೊಂಡು ಮನೆಗೆ ಹೋಗಿ ಒಂದು ಸಲವೂ ಹಾಕದೆ ಇಟ್ಟರೂ ಲೆಕ್ಕ ಒಂದು. ಇನ್ನೊಬ್ಬ ಗೆರೆ ಸವೆಯುವ ತನಕ ಕೇಳಿದರೂ ಒಂದೇ. ಆಗ ಎಣಿಸಿದ್ದು ಗಲ್ಲಾಪೆಟ್ಟಿಗೆಯ ಸದ್ದು. ಈಗ ಎಣಿಸುವುದು ಬೆರಳಿನ ಒತ್ತು. 2018ರಲ್ಲಿ ಇದೇ ಹಾಡಿನ ಹೆಸರಿನ ಸಿನಿಮಾ ಬಂತು, ರಾಮಿ ಮಾಲೆಕ್‌ಗೆ ಆಸ್ಕರ್ ಸಿಕ್ಕಿತಲ್ಲ, ಅದು. ಹಾಡು ಮೂರನೇ ಸಲ ಹಾಟ್ 100ಕ್ಕೆ ಬಂದು 33ರ ತನಕ ಏರಿತು. ಅದೇ ಡಿಸೆಂಬರ್‌ನಲ್ಲಿ, 20ನೇ ಶತಮಾನದ ಹಾಡುಗಳಲ್ಲಿ ಅತಿ ಹೆಚ್ಚು ಸ್ಟ್ರೀಮ್ ಆದದ್ದು ಇದೇ, 160 ಕೋಟಿ ಸಲ ಅಂತ ಕಂಪನಿ ಹೇಳಿತು. ನೋಡಿ, 160 ಕೋಟಿ ಇದ್ದೂ 33ನೇ ಜಾಗ. ಯಾಕೆಂದರೆ ಪಟ್ಟಿ ಕೇಳುವುದು ಈ ವಾರದ ಲೆಕ್ಕ ಮಾತ್ರ.

ಇಲ್ಲಿಗೆ ನಿಲ್ಲಿಸಿ ಪ್ರಶ್ನೆ ಕೇಳಿ ಅಂದೆ. ಹಿಂದಿನ ಸಾಲಿನಿಂದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಎದ್ದರು. “ಹಾಗಾದ್ರೆ ನಂಬರ್ ಒನ್ ಅನ್ನೋದೆಲ್ಲ ಸುಳ್ಳು ಅಂತೀರಾ ನೀವು?”

“ಇಲ್ಲ ಸರ್. ಸುಳ್ಳಲ್ಲ. ನಿಮ್ಮ ಪಾಸ್‌ಬುಕ್ಕಿನಲ್ಲಿ ಇರೋದು ಸುಳ್ಳಾ? ಅಲ್ಲ. ಆದ್ರೆ ಅದನ್ನ ನೋಡಿ ನಿಮ್ಮ ಮನೆ ಅಕ್ಕಿ ಡಬ್ಬ ಎಷ್ಟು ತುಂಬಿದೆ ಅಂತ ಹೇಳೋಕಾಗಲ್ಲ, ಅಲ್ವಾ? ಯಾರಾದರೂ ಇದು ನಂಬರ್ ಒನ್ ಅಂದಾಗ, ಯಾವ ವಾರ, ಯಾವ ಊರು, ಏನನ್ನ ಎಣಿಸಿದ್ದು ಅಂತ ಕೇಳಿ.”

“ಅಷ್ಟೆಲ್ಲ ಕೇಳಿದ್ರೆ ಯಾರೂ ಮಾತಾಡಿಸಲ್ಲ ನಮ್ಮನ್ನ” ಅಂದರು ಅವರು. ಎಲ್ಲರೂ ನಕ್ಕರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಕಿಟಕಿ ಪಕ್ಕ ಕೂತಿದ್ದ ಕಾಲೇಜು ಹುಡುಗಿ ಕೈ ಎತ್ತಿದಳು. “ಅಂಕಲ್, ಅರ್ಧಕ್ಕೇ ಬದಲಾಯಿಸಿದ್ರೆ ಅದನ್ನೂ ಒಂದು ಅಂತ ಎಣಿಸ್ತಾರಾ?”

30 ಸೆಕೆಂಡ್ ಕೇಳಿದರೆ ಸಾಕು ಕಣಮ್ಮ, ಅಂದೆ. ಅಷ್ಟಾದರೆ ಒಂದು ಸಲ ಪೂರ್ತಿ ಕೇಳಿದ ಲೆಕ್ಕ. ಹೇಳಿದ ಮೇಲೆ ನನಗೇ ಹೊಳೆಯಿತು. ಬನ್ನಿ ಎಣಿಸಿಯೇ ಬಿಡೋಣ ಅಂತ ಪ್ಲೇಟು ಹಾಕಿ, ಅವಳ ಕೈಗೆ ಫೋನಿನ ಗಡಿಯಾರ ಕೊಟ್ಟೆ. ಸೂಜಿ ಇಳಿಯಿತು. ಗಂಟಲುಗಳು ಶುರುವಾದವು, ಒಂದರ ಮೇಲೊಂದು. ಅವಳು “ಮೂವತ್ತು” ಅಂತ ಕೂಗಿದಾಗ ಪೀಠಿಕೆಯೇ ಮುಗಿದಿರಲಿಲ್ಲ, ಫ್ರೆಡ್ಡಿ ಇನ್ನೂ ಅಮ್ಮನನ್ನು ಕರೆದಿರಲಿಲ್ಲ. ಇನ್ನೂ 5 ನಿಮಿಷ 25 ಸೆಕೆಂಡ್ ಬಾಕಿ ಇತ್ತು. ಕೆಳಗಿನಿಂದ ವಾಚ್‌ಮನ್ ಬಂದು ಬಾಗಿಲಲ್ಲಿ ನಿಂತು ಕೀ ಗೊಂಚಲು ಆಡಿಸಿದ, ಟೈಮಾಯ್ತು ಅಂತ. ಯಾರೂ ಏಳಲಿಲ್ಲ.